ಅಕ್ಕನಿಗೆ ನಾನು ಹೇಳಿದ ಸೋಡಾ ಮಿಷನ್

ನನ್ನ ಅಕ್ಕ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು ಪೂಜೆ ಮಾಡಿದ ಆ ಮಿಷನ್ ಸೋಡಾದ್ದಲ್ಲ. ಅದು ಬಿಯರಿನದು. ಆರು ವರ್ಷದಿಂದ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಜೊತೆಗೆ ಇನ್ನೊಂದೂ ಇದೆ. ಆ ಮಿಷನ್ ನೋಡಿದವರೆಲ್ಲ ನನ್ನ ಬೆನ್ನು ತಟ್ಟುವುದು ಯಾವ ಬುದ್ಧಿವಂತಿಕೆಗೋ, ಅದು ನನ್ನದಲ್ಲ, ಅಕ್ಕನದು. ಎರಡನ್ನೂ ಒಟ್ಟಿಗೇ ಮುಚ್ಚಿಟ್ಟೆ — ಒಂದನ್ನು ಹೇಳಿದರೆ ಇನ್ನೊಂದು ತಾನಾಗಿಯೇ ಆಚೆ ಬರುತ್ತಿತ್ತು.

ನನ್ನ ಹೆಸರು ಮುನಿರಾಜು. ಮಾಲೂರಿನಲ್ಲಿ ಫ್ರಿಜ್, ಏಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕ ವೆಂಕಟಲಕ್ಷ್ಮಮ್ಮ ಕ್ಯಾಲನೂರಿನಲ್ಲಿದ್ದಾಳೆ. ಎರಡು ಸೀಮೆಹಸು, ಒಂದಿಷ್ಟು ಹಿಪ್ಪುನೇರಳೆ, ಅರ್ಧ ಎಕರೆ ಟೊಮೇಟೊ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದಮೇಲೆಯೇ ಅವಳ ಕಾಫಿ. ಭಾವ ಕುಡಿದೂ ಕುಡಿದೂ ಹೋದರು. ಅವರನ್ನು ಮನೆಯಿಂದ ಎತ್ತಿದ ದಿನ ಅಕ್ಕ ನನ್ನ ಮುಂಗೈ ಹಿಡಿದು ಅಂದ ಮಾತು ಇಷ್ಟೇ — "ಇದು ನಿನ್ನ ಹತ್ರ ಸುಳೀಬಾರ್ದು ಕಣೋ. ನನ್ನ ಮೇಲೆ ಆಣೆ."

ಇಲ್ಲಿಯವರೆಗೆ ಒಂದು ತೊಟ್ಟೂ ಕುಡಿದಿಲ್ಲ. ಇದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ, ಯಾಕೆ ಸುಳ್ಳು ಹೇಳಲಿ. ಆದರೆ ಅಕ್ಕ ಹೇಳಿದ್ದು ಕುಡಿಯಬೇಡ ಎಂದಲ್ಲ, ಹತ್ತಿರ ಸುಳಿಯಬಾರದು ಎಂದು. ಆ ವ್ಯತ್ಯಾಸ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ —

ಟೇಕಲ್ ಬೆಟ್ಟದ ಕೆಳಗೆ ಒಬ್ಬರು ತೋಟದ ಮನೆ ಕಟ್ಟಿಕೊಂಡಿದ್ದಾರೆ. ಅವರ ಏಸಿ ನೋಡುವುದು ನಾನೇ. ಒಂದು ದಿನ ಅವರು ಬೆಂಗಳೂರಿನ ಹೋಟೆಲುಗಳಲ್ಲಿ ಇರುವ ಹಾಗೆ ನಲ್ಲಿ ತಿರುಗಿಸಿದರೆ ಲೋಟಕ್ಕೆ ತಣ್ಣನೆ ಬಿಯರ್ ಬೀಳಬೇಕು, ಅಂಥದ್ದು ಮನೆಯಲ್ಲೇ ಮಾಡಲು ನಿನ್ನ ಕೈಲಿ ಆಗುತ್ತಾ ಎಂದು ಕೇಳಿದರು. 'ಆಗುತ್ತಾ' ಎಂದು ಯಾರಾದರೂ ಕೇಳಿದರೆ ನನಗೆ ತಲೆ ನಿಲ್ಲುವುದಿಲ್ಲ. ಆಗುತ್ತೆ ಎಂದು ಬಾಯಿ ಮೊದಲು ಹೇಳಿಬಿಡುತ್ತದೆ, ಹೇಗೆ ಎಂದು ತಲೆ ಆಮೇಲೆ ಯೋಚಿಸುತ್ತದೆ.

ಮುಳಬಾಗಿಲಿನಲ್ಲಿ ಮುಚ್ಚಿಹೋದ ಒಂದು ಬೇಕರಿಯಿಂದ ಹಳೆಯ ಡೀಪ್ ಫ್ರೀಜರ್ ತಂದೆ. ಐಸ್‌ಕ್ರೀಮ್ ಇಡುತ್ತಾರಲ್ಲ, ಮೇಲಕ್ಕೆ ಬಾಗಿಲು ತೆರೆಯುವ ಉದ್ದನೆಯ ಪೆಟ್ಟಿಗೆ, ಅದು. ಅದರ ಗೋಡೆಯೊಳಗೆ ಗ್ಯಾಸ್ ಓಡಾಡುವ ಸಣ್ಣ ಕೊಳವೆ ಕಣ್ಣಿಗೆ ಕಾಣದ ಹಾಗೆ ಸುತ್ತಿಕೊಂಡಿರುತ್ತದೆ. ನಲ್ಲಿ ಕೂರಿಸುತ್ತೇನೆಂದು ಗೋಡೆಗೆ ಡ್ರಿಲ್ ಇಟ್ಟರೆ ಗ್ಯಾಸೆಲ್ಲ ಬುಸ್ ಎಂದು ಹೋಗಿ ಪೆಟ್ಟಿಗೆ ಗುಜರಿಗೇ ಸರಿ. ನಾನು ಡ್ರಿಲ್ ಇಡಲಿಲ್ಲ. ಬಾಗಿಲನ್ನು ಬಿಚ್ಚಿ, ಪೆಟ್ಟಿಗೆಗೂ ಬಾಗಿಲಿಗೂ ನಡುವೆ ಗೇಣೆತ್ತರದ ಮರದ ಚೌಕಟ್ಟು ಕೂರಿಸಿದೆ. ಶ್ರೀನಿವಾಸಪುರದಿಂದ ತಂದ ಮಾವಿನ ಹಲಗೆ, ನಾನೇ ಉಜ್ಜಿ ಪಾಲಿಶ್ ಮಾಡಿದ್ದು. ಮೂರು ನಲ್ಲಿಗಳೂ ಆ ಮರದಲ್ಲಿ ಕೂತವು. ಪೆಟ್ಟಿಗೆಗೆ ಒಂದು ಗೀರೂ ಬೀಳಲಿಲ್ಲ.

ಡೀಪ್ ಫ್ರೀಜರನ್ನು ಅದರ ಪಾಡಿಗೆ ಬಿಟ್ಟರೆ ಬಿಯರನ್ನೂ ಕಲ್ಲು ಮಾಡಿಬಿಡುತ್ತದೆ. ಅದನ್ನು ನಾಲ್ಕು ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಲು ಹೊರಗಡೆಯಿಂದ ಒಂದು ಕಂಟ್ರೋಲರ್ ಕೊಟ್ಟೆ. ತಂಪು ತಳದಲ್ಲೇ ಕೂರಬಾರದೆಂದು ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನ್ ಒಳಗೆ ಕಟ್ಟಿದೆ. ಬಿಯರಿನ ಸ್ಟೀಲ್ ಪೀಪಾಯಿಗಳು ತಳದಲ್ಲಿ, ಅದನ್ನು ನಲ್ಲಿಗೆ ತಳ್ಳುವ ಗ್ಯಾಸಿನ ಸಿಲಿಂಡರ್ ಪಕ್ಕದಲ್ಲಿ. ಇಷ್ಟೂ ನನ್ನ ಕೈಕೆಲಸ. ಇದರಲ್ಲಿ ಯಾರ ಪಾಲೂ ಇಲ್ಲ, ಇದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಆದರೆ ನಲ್ಲಿ ತಿರುಗಿಸಿದರೆ ಮುಕ್ಕಾಲು ಲೋಟ ಬರೀ ನೊರೆ. ಗ್ಯಾಸ್ ಕಡಿಮೆ ಮಾಡಿ ನೋಡಿದೆ — ನೊರೆ ಇಳಿಯಿತು, ಎರಡು ದಿನಕ್ಕೆ ಬಿಯರ್ ಸಪ್ಪೆಯಾಯಿತು ಎಂದರು ತೋಟದ ಯಜಮಾನರು. ಜಾಸ್ತಿ ಮಾಡಿದೆ — ಲೋಟದಿಂದ ಎಗರಿ ಅವರ ಅಂಗಿಗೇ ಅಭಿಷೇಕ. ಅವರು ನಕ್ಕು, ಇದನ್ನು ಕುಡಿಯುವುದಕ್ಕಿಂತ ಈ ನೊರೆ ಬಳಿದು ಗಡ್ಡ ಕೆರೆದುಕೊಳ್ಳುವುದು ಸುಲಭ ಕಣಯ್ಯ ಎಂದರು. ಇಪ್ಪತ್ತು ದಿನ ಹೀಗೇ ಹೋಯಿತು. ಫ್ರಿಜ್ಜಿನ ವಿಷಯದಲ್ಲಿ ನಾನು ಸೋತದ್ದು ಅದೇ ಮೊದಲು, ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ಕ್ಯಾಲನೂರಿಗೆ ಹೋಗಿದ್ದೆ. ಅಕ್ಕ ನನ್ನ ಮುಖ ನೋಡಿದವಳೇ ಏನಾಯಿತೆಂದು ಹಿಡಿದು ಕೂತಳು. ಆಗ ಬಾಯಿಂದ ಬಂತು ಸುಳ್ಳು. ಒಂದು ಕಲ್ಯಾಣಮಂಟಪಕ್ಕೆ ಸೋಡಾ ಮಿಷನ್ ಮಾಡುತ್ತಿದ್ದೇನೆ, ಬರೀ ನೊರೆ ಉಗುಳುತ್ತದೆ ಎಂದೆ. ಮೊದಲೇ ಯೋಚಿಸಿ ಕಟ್ಟಿದ ಸುಳ್ಳಲ್ಲ — ಆದರೆ ಅಷ್ಟು ಸಲೀಸಾಗಿ ಬಂತಲ್ಲ, ಅದೇ ನಾಚಿಕೆಯ ಮಾತು.

ಅಕ್ಕ ಪೀಪಾಯಿಯಿಂದ ನಲ್ಲಿಗೆ ಎಷ್ಟು ಉದ್ದದ ಪೈಪು ಹಾಕಿದ್ದೀಯ ಎಂದು ಕೇಳಿದಳು. ಎರಡು ಮೊಳ, ಹೆಬ್ಬೆರಳು ದಪ್ಪ ಎಂದೆ. ಅವಳು ನನ್ನನ್ನು ಟೊಮೇಟೊ ತೋಟಕ್ಕೆ ಕರೆದುಕೊಂಡು ಹೋದಳು. ಗಿಡಗಳಿಗೆ ಡ್ರಿಪ್ ಪೈಪಿನಲ್ಲಿ ನೀರು ಬಿಟ್ಟಿದ್ದಳು. ಗೇಟ್ ವಾಲ್ವಿನ ಹತ್ತಿರ ಸಡಿಲವಾದ ಜಾಯಿಂಟಿನಿಂದ ನೀರು ಆಳೆತ್ತರ ಚಿಮ್ಮುತ್ತಿತ್ತು. ಅಲ್ಲಿಂದ ಸಾಲು ಹಿಡಿದು ಕೊನೆಯ ಗಿಡದವರೆಗೆ ನಡೆಸಿ, ಅಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿದಳು. ಸಣ್ಣ ಕರಿ ಪೈಪಿನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು.

"ಅದೇ ಮೋಟ್ರು, ಅದೇ ನೀರು. ಸಣ್ಣ ಪೈಪಲ್ಲಿ ದೂರ ನಡೆದ್ರೆ ಅದ್ರ ಪೊಗರು ಇಳೀತೈತೆ ಕಣೋ. ನೀನು ದಪ್ಪ ಪೈಪು, ಅದೂ ಮೋಟು ಪೈಪು ಹಾಕಿ ಕೂತಿದ್ದೀಯ, ಅದು ಉಗುಳ್ದೆ ಇನ್ನೇನ್ ಮಾಡ್ತೈತೆ ನಾಯ್ನಾ?"

ನನ್ನ ಕಸುಬಿನಲ್ಲಿ ಇಷ್ಟು ವರ್ಷ ಪಳಗಿದ ನಾನು ಬೆಪ್ಪನ ಹಾಗೆ ಆ ತೊಟ್ಟನ್ನೇ ನೋಡುತ್ತಿದ್ದೆ. ಮಾರನೆಯ ದಿನ ಬೆರಳಿಗಿಂತ ಸಣ್ಣ ಪೈಪು ತಂದು, ಹನ್ನೊಂದು ಅಡಿ ಕತ್ತರಿಸಿ, ಸುರುಳಿ ಸುತ್ತಿ ಪೆಟ್ಟಿಗೆಯ ತಂಪಿನಲ್ಲೇ ಇಟ್ಟೆ. ನಲ್ಲಿ ತಿರುಗಿಸಿದೆ. ಬಿಯರ್ ಲೋಟದ ಅಂಚಿನಿಂದ ಸದ್ದಿಲ್ಲದೆ ಜಾರಿ, ಜೇನಿನ ಬಣ್ಣಕ್ಕೆ ತಿರುಗಿ, ಮೇಲೆ ಎರಡು ಬೆರಳು ನೊರೆ ಕಟ್ಟಿ ನಿಂತಿತು. ನನ್ನ ಜೀವಮಾನದಲ್ಲಿ ನನ್ನ ಕೈಯಿಂದ ಅಷ್ಟು ಚೆಂದದ್ದು ಇನ್ನೊಂದು ಆಗಿಲ್ಲ. ತೋಟದ ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಹೇಗೆ ಹೊಳೆಯಿತು ನಿನಗೆ ಎಂದು ಕೇಳಿದರು. ತಲೆ ಓಡಿಸಿದೆ ಸಾರ್ ಎಂದೆ. ಅಕ್ಕನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಇಲ್ಲಿಗೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಚೌಕಟ್ಟಿಗೆ ಕೊನೆಯ ಪಾಲಿಶ್ ಕೊಡಲು ಮಿಷನ್ನನ್ನು ಅಂಗಡಿಗೆ ತಂದಿದ್ದೆ, ಅಷ್ಟರಲ್ಲಿ ಆಯುಧಪೂಜೆ ಬಂತು. ಅಕ್ಕ ಹೇಳದೆ ಕೇಳದೆ ಬಸ್ ಹತ್ತಿ, ಚೀಲದ ತುಂಬ ಸೇವಂತಿಗೆ ಹೊತ್ತು ಮಾಲೂರಿಗೆ ಬಂದುಬಿಟ್ಟಳು. ನನ್ನ ಸ್ಪ್ಯಾನರು, ಗೇಜು, ಬೈಕು ಎಲ್ಲಕ್ಕೂ ಒಂದೊಂದು ಕುಂಕುಮದ ಬೊಟ್ಟು. ದೊಡ್ಡ ಹಾರ ಮಾತ್ರ ಆ ಪೆಟ್ಟಿಗೆಗೆ. ಮೂರು ನಲ್ಲಿಗೂ ಮೂರು ಹೂವು ಸಿಕ್ಕಿಸಿದಳು. ಅಂಗಡಿಯ ಮುಂದೆ ಕುಂಬಳಕಾಯಿ ಒಡೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವತ್ತು ಯಾರೂ ಏನೂ ಅನ್ನದೆಯೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ. ಎದುರಿನ ಟೈಲರಿಗೆ, ಪಕ್ಕದ ಟೀ ಅಂಗಡಿಯವನಿಗೆ, ದಾರಿಯಲ್ಲಿ ಹೋಗುವವರಿಗೆಲ್ಲ ಅಕ್ಕ ನನ್ನ ತಮ್ಮ ಮಾಡಿದ ಸೋಡಾ ಮಿಷನ್ ಎಂದು ತೋರಿಸಿದಳು.

ಹೊರಡುವಾಗ ಒಂದು ಮಾತು ಹೇಳಿದಳು. ಹಸು ಕರು ಹಾಕಿದರೆ ಅವಳ ಮನೆಯಲ್ಲಿ ಮೊದಲು ಗಿಣ್ಣು ದೇವರಿಗೆ, ಆಮೇಲೆ ಮನುಷ್ಯರಿಗೆ. ಹಾಗೆಯೇ ಈ ಮಿಷನ್ನಿನ ಮೊದಲ ಲೋಟ ಮನೆದೇವರಿಗೆ ತರಬೇಕು ಎಂದಳು.

ಶನಿವಾರ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಎರಡು ಬಾಟಲಿ ನಿಂಬೆ ಸೋಡಾ ತೆಗೆದುಕೊಂಡು, ಸ್ಟೀಲ್ ಚೊಂಬಿಗೆ ಸುರಿದು, ಮುಚ್ಚಳ ಬಿಗಿದು ಕ್ಯಾಲನೂರಿಗೆ ಒಯ್ದೆ. ಅಕ್ಕ ಅದರಲ್ಲಿ ತುಳಸಿ ದಳ ಹಾಕಿ ವೆಂಕಟರಮಣನ ಪಟದ ಮುಂದೆ ಇಟ್ಟು ಕೈಮುಗಿದಳು. ಉದ್ಧರಣೆಯಲ್ಲಿ ನನಗೊಂದು, ಅಕ್ಕಪಕ್ಕದ ಮನೆಯವರಿಗೆಲ್ಲ ಒಂದೊಂದು. ಕೊನೆಗೆ ತಾನು ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದಳು.

"ಅಂಗಡೀದಕ್ಕಿಂತ ಚೆನ್ನಾಗೈತೆ ಕಣೋ."

ಈ ಮಾತನ್ನು ನಾನು ಮರೆತಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಆಮೇಲೆ ನನ್ನ ಹೆಸರು ಓಡಾಡಿತು. ಕೋಲಾರದ ಹೊರಗೆ ಒಬ್ಬರು, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಇಬ್ಬರು, ಶಿವಾರಪಟ್ಟಣದ ದಾರಿಯಲ್ಲಿ ಒಬ್ಬರು, ಆಚೀಚೆ ಇನ್ನೂ ಮೂವರು — ಟೇಕಲಿನದೂ ಸೇರಿ ಒಟ್ಟು ಎಂಟು ಮಿಷನ್ ಆಗಿವೆ. ಒಂದೂ ಕೆಟ್ಟು ವಾಪಸ್ ಬಂದಿಲ್ಲ. ಎಂಟರೊಳಗೂ ಹನ್ನೊಂದು ಅಡಿಯ ಸಣ್ಣ ಪೈಪು ಸುರುಳಿ ಸುತ್ತಿ ಮಲಗಿದೆ. ಅಕ್ಕನಿಗೆ ಎಂಟೂ ಸೋಡಾ ಮಿಷನ್. ಡೇರಿಯ ಸಾಲಿನಲ್ಲಿ ನಿಂತು ಅವಳು ಎಣಿಸಿ ಹೇಳುತ್ತಾಳಂತೆ.

ಹೋದ ವಾರ ಟೇಕಲ್ ತೋಟಕ್ಕೆ ಒಬ್ಬ ಇಂಜಿನಿಯರು ಬಂದಿದ್ದರು. ಬಿಯರ್ ತಯಾರಿಸುವ ಕಡೆಯೇ ಕೆಲಸ ಮಾಡಿದವರಂತೆ. ಬಾಗಿಲು ಎತ್ತಿ, ಬಗ್ಗಿ, ಆ ಸುರುಳಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಉಳಿದದ್ದನ್ನು ಯಾವ ಒಳ್ಳೆಯ ಮೆಕ್ಯಾನಿಕ್ ಬೇಕಾದರೂ ಮಾಡಿಯಾನು, ಇದು ಮಾತ್ರ ಬಲ್ಲವರ ಕೆಲಸ ಎಂದರು. ಓದಿದವರೇ ಇಲ್ಲಿ ಎಡವುತ್ತಾರಂತೆ. ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ಯಾರೂ ಇಲ್ಲ ಸಾರ್, ನಾನೇ," ಅಂದೆ.

ಬೈಕಿನಲ್ಲಿ ವಾಪಸ್ ಬರುವಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಂಥ ಮಾತು ಅಕ್ಕನ ಬಗ್ಗೆ ಈವರೆಗೆ ಯಾರೂ ಆಡಿಲ್ಲ. ಭಾವ ಇದ್ದಾಗ ಅವಳಿಗೆ ಸಿಕ್ಕಿದ್ದು ಬೈಗುಳ, ಭಾವ ಹೋದಮೇಲೆ ಅಯ್ಯೋ ಪಾಪ. ಬಲ್ಲವರ ಕೆಲಸ ಎಂದು ಬಲ್ಲವರೊಬ್ಬರು ಹೇಳಿದ್ದು ಅವಳ ಕಿವಿಗೆ ಬೀಳಬೇಕಿತ್ತು. ಅದನ್ನು ನಾನು ದಾರಿಯಲ್ಲೇ ಕದ್ದೆ. ಸೋಡಾ ಎಂದದ್ದು ಸುಳ್ಳು. ಇದು ಕಳ್ಳತನ.

ನಿನ್ನೆ ತೋಟದ ಯಜಮಾನರಿಗೆ ಫೋನ್ ಮಾಡಿ, ಆ ಪೈಪಿನ ಬುದ್ಧಿ ನನ್ನದಲ್ಲ, ನನ್ನ ಅಕ್ಕ ವೆಂಕಟಲಕ್ಷ್ಮಮ್ಮನದು, ಆ ಇಂಜಿನಿಯರಿಗೂ ದಯವಿಟ್ಟು ತಿಳಿಸಿ ಎಂದೆ. ಅವರು, ನಿಮ್ಮಕ್ಕನನ್ನು ಒಮ್ಮೆ ಕರೆದುಕೊಂಡು ಬಾ, ನೋಡಬೇಕು ಎಂದರು. ಅವಳು ಬರುತ್ತಾಳೋ ಇಲ್ಲವೋ, ಬಾ ಎಂದು ಕರೆಯುವ ಮುಖ ನನಗೆ ಉಳಿದಿರುತ್ತದೋ ಇಲ್ಲವೋ.

ಈ ಕೆಲಸ ಬಿಟ್ಟುಬಿಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಡಲಾರೆ. ಆ ಮಿಷನ್ ಮೇಲೆ ನನಗೆ ಹೆಮ್ಮೆ ಇದೆ, ಇವತ್ತೂ ಇದೆ. ಹೆಮ್ಮೆ ಇಲ್ಲವೆಂದು ಅವಳ ಮುಂದೆ ನಾಟಕ ಆಡಿದರೆ ಅದು ಮೂರನೆಯ ತಪ್ಪಾಗುತ್ತದೆ.

ನಾಳೆ ಬೆಳಗ್ಗೆ ಅವಳು ಡೇರಿಯಿಂದ ಬರುವ ಹೊತ್ತಿಗೆ ಕ್ಯಾಲನೂರಿನಲ್ಲಿರುತ್ತೇನೆ. ಮೊದಲು ಬಿಯರ್ ಎಂಬ ಮಾತು ಹೇಳುತ್ತೇನೆ. ಆಮೇಲೆ ಚೊಂಬಿನಲ್ಲಿ ತಂದದ್ದು ಏನೆಂದು. ಅವಳು ಅಳಲಿ, ಬೈಯಲಿ, ಹೊರಗೆ ನಡಿ ಎನ್ನಲಿ — ಅವಳದ್ದು ಪೂರ್ತಿ ಮುಗಿಯುವವರೆಗೆ ಆ ಇಂಜಿನಿಯರು ಹೇಳಿದ ಹೊಗಳಿಕೆಯ ಸುದ್ದಿ ಎತ್ತುವುದಿಲ್ಲ. ಮೊದಲೇ ಎತ್ತಿದರೆ ಅಕ್ಕನಿಗೆ ಸಲ್ಲಬೇಕಾದ ಹೆಸರನ್ನೂ ನನ್ನ ತಪ್ಪಿಗೆ ಲಂಚವಾಗಿ ಕೊಟ್ಟ ಹಾಗಾಗುತ್ತದೆ.