ಬೋರಲು ಹಾಕಿದ ಪುಸ್ತಕ

ಸಿಂಗಟಗೆರೆಯ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ಹಿಡಿಸದ ಕಥೆಪುಸ್ತಕವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕುತ್ತಿದ್ದಳು. ಆಮೇಲೆ ತೀರ್ಪು, ಯಾವಾಗಲೂ ಒಂದೇ: "ಬರ್ದೋರಿಗೆ ಗೊತ್ತಿಲ್ಲ ಕಣಕ್ಕ."

ಮಾತಾಡುವ ನರಿ, ಹಾರುವ ಮಂಚ ಎಲ್ಲವನ್ನೂ ಅವಳು ನಂಬುತ್ತಿದ್ದಳು. ನಂಬದಿದ್ದದ್ದು ಕೆಟ್ಟ ಮಲತಾಯಿಯನ್ನು ಮಾತ್ರ. ಹೆತ್ತವಳು ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಪ್ಪನ ಎರಡನೇ ಹೆಂಡತಿ. ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ಚಿಕ್ಕಮ್ಮನಿಗೆ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಹುಡುಗಿಯೇ ಕಥೆ ಓದಿ ಹೇಳುತ್ತಿದ್ದಳು.

"ಮಲತಾಯಿ ಅಂತ ಬಂದಾಗ ಏನ್ಮಾಡ್ತೀಯೇ?" ಎಂದು ಕೇಳಿದ್ದೆ.

"ರಾಕ್ಷಸಿ ಅಂತ ಓದ್ತೀನಿ. ಚಿಕ್ಕಮ್ಮಂಗೆ ಬೇಜಾರಾಗಲ್ವಾ?"

ಒಂದು ಬೇಸಿಗೆಯಲ್ಲಿ ಗಂಡನ ಹೊಡೆತ ತಾಳಲಾರದೆ ಚಿಕ್ಕಮ್ಮ ಚೌಳಹಿರಿಯೂರಿನ ತವರಿಗೆ ಹೊರಟುಹೋದಳು. ತಾನು ಹೆತ್ತ ಕೂಸನ್ನು ಎತ್ತಿಕೊಂಡಳು. ಈ ಹುಡುಗಿಯನ್ನೂ ಕರೆದೊಯ್ಯುತ್ತೇನೆ ಎಂದರೆ ಗಂಡ ಬಿಡಲಿಲ್ಲ. ಅದೇ ಸರಿ ಎಂದರು ಊರಿನವರು; ಹೆತ್ತವಳಲ್ಲವಲ್ಲ.

ಎಷ್ಟೋ ದಿನದ ಮೇಲೆ ಹುಡುಗಿ ಗ್ರಂಥಾಲಯಕ್ಕೆ ಬಂದಳು. ಜಡೆ ತಾನೇ ಹಾಕಿಕೊಂಡಿದ್ದಳು. ಒಂದು ಕಿವಿಯ ಮೇಲಿತ್ತು, ಇನ್ನೊಂದು ಕತ್ತಿನ ಹತ್ತಿರ. ಹೊಸ ಪುಸ್ತಕಗಳನ್ನು ಮುಂದಿಟ್ಟೆ. ಅವಳು ಅವನ್ನು ಮುಟ್ಟಲಿಲ್ಲ. ಹಿಂದೆ ಬೋರಲು ಹಾಕಿದ್ದ ಒಂದನ್ನೇ ಕೇಳಿದಳು.

"ಅದು ನಿಂಗೆ ಹಿಡಿಸ್ಲಿಲ್ವಲ್ಲೇ," ಎಂದೆ. "ಅದ್ರಲ್ಲಿ ಮಲತಾಯಿ ದಿನಾ ಬೈತಾಳೆ."

"ಬೈಲಿ ಬಿಡಕ್ಕ," ಎಂದಳು. "ಕೊನೇವರ್ಗೂ ಮನೇಲೇ ಇರ್ತಾಳೆ."