ಗರಗಸ ಉಳಿಸಿದಷ್ಟು

ಗರಗಸದ ಒಂದು ಹಲ್ಲಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಆ ಹಲ್ಲಿಗೂ, ಕೊಯ್ಯುವಾಗ ಮರವನ್ನು ಒತ್ತಿ ಹಿಡಿಯುವ ಪಕ್ಕದ ಕಬ್ಬಿಣದ ಪಟ್ಟಿಗೂ ನಡುವಿನ ದೂರವನ್ನು ಅಳೆದೆ. ದುಂಡನೆಯ ಅಲಗನ್ನು ಕೈಯಿಂದ ತಿರುಗಿಸಿ, ಅದೇ ಹಲ್ಲು ಹಿಂಬದಿಗೆ ಹೋದಾಗ ಮತ್ತೆ ಅಳೆದೆ. ವ್ಯತ್ಯಾಸವಿರಲಿಲ್ಲ, ಅಲಗು ಪಟ್ಟಿಗೆ ನೇರವಾಗಿಯೇ ಇತ್ತು.

"ಬಾಯಿಯವರೇ, ಗರಗಸ ತಗೊಳ್ತೀರೋ, ಅದರ ಜಾತಕ ನೋಡ್ತೀರೋ?" ಎಂದು ಅದರ ಯಜಮಾನರು ನಕ್ಕರು.

ಭಟ್ಕಳದ ಆ ವ್ಯಾಪಾರಿ ಬಹಳ ಕಾಲ ಕೊಲಂಬೋದಲ್ಲಿ ಅಂಗಡಿ ನಡೆಸಿ ಊರಿಗೆ ಮರಳಿದ್ದರು. ಬಿಡುವಿನಲ್ಲಿ ಹಡಗಿನ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಅದಕ್ಕೆಂದು ತಂದಿದ್ದ ಎರಡು ಚಿಕ್ಕ ಮೇಜು ಗರಗಸಗಳಲ್ಲಿ ಒಂದನ್ನು ಮಾರುತ್ತಾರೆಂದು ಕೇಳಿ ನಾನು ಹೋಗಿದ್ದೆ. ಒಂದಕ್ಕೆ ಮೋಟಾರು ಇತ್ತು, ಬಣ್ಣವೂ ಹೊಳೆಯುತ್ತಿತ್ತು. ಆದರೆ ಅಲಗು ದಪ್ಪ, ತಿರುಗುವಾಗ ತುಸು ಹೊಯ್ದಾಡುತ್ತಿತ್ತು. ಇನ್ನೊಂದು ಊಟದ ಮಣೆಗಿಂತ ಚಿಕ್ಕದು. ಅದರ ನಡುವಿನ ಸೀಳಿನಿಂದ ಚಹದ ಬಸಿಯಷ್ಟಗಲದ ತೆಳು ಅಲಗು ಒಂದಿಷ್ಟೇ ಮೇಲೆ ಕಾಣುತ್ತಿತ್ತು. ಮೋಟಾರಿಲ್ಲ, ಹೊಲಿಗೆ ಮಿಶನ್ನಿನ ಚರ್ಮದ ಪಟ್ಟಿ ಹಾಯಿಸಿ ಓಡಿಸಬೇಕು. ಹೊನ್ನಾವರದ ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕರೆಂಟು ಇದ್ದಿದ್ದರೂ ನಾನು ಆ ಚಿಕ್ಕದನ್ನೇ ಆರಿಸುತ್ತಿದ್ದೆ.

"ಅರೇ, ನಾನು ಇಟ್ಕೊಳ್ಬೇಕು ಅಂತ ಇದ್ದದ್ದನ್ನೇ ತಗೊಂಡ್ರಲ್ಲ!" ಎಂದರು. ಆದರೂ ಕೊಟ್ಟರು.

ಶರಾವತಿ ದಾಟುವ ದೋಣಿಯಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಗೋಣಿಚೀಲ ಸರಿಸಿ ಇಣುಕಿದಳು. "ಎಂತದ್ರಾ ಅಕ್ಕೋರೇ? ಕಾಯಿ ತುರಿಯೂ ಮಣೆಯಾ? ಇಷ್ಟೆಲ್ಲ ಹಲ್ಲಿದ್ರೆ ಕರಟನೂ ಉಳಿಯೂದಿಲ್ಲ!"

ನಾನು ಚೀಲದ ಬಾಯಿ ಮುಚ್ಚಿದೆ. ಇದೇಕೆಂದು ಹೇಳಹೊರಟರೆ ಬೀಜಗಣಿತದಿಂದ ಶುರು ಮಾಡಬೇಕಾಗುತ್ತಿತ್ತು.

ಆಗ ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ತರಗತಿಯ ಒಬ್ಬ ಹುಡುಗಿ, ಮೀನು ಮಾರುವ ತಾಯಿಯ ಮಗಳು, ಎಂಥ ಲೆಕ್ಕವನ್ನೂ ಬಾಯಲ್ಲೇ ಮಾಡುತ್ತಿದ್ದಳು. ಅಂಕಿಗಳ ಜಾಗದಲ್ಲಿ ಅಕ್ಷರ ಬಂದ ದಿನದಿಂದ ಅವಳ ಲೆಕ್ಕ ನಿಂತುಬಿಟ್ಟಿತು. ಅ ಮತ್ತು ಬ ಕೂಡಿಸಿ ಅದರ ಘನ ಬಿಡಿಸುತ್ತಿದ್ದಾಗ ಎದ್ದು ಕೇಳಿದಳು:

"ಅಕ್ಕೋರೇ, ಬ ಅಂದ್ರೆ ಎಷ್ಟು?"

"ಎಷ್ಟಾದರೂ ಆಗಬಹುದು."

"ಎಷ್ಟಾದ್ರೂ ಅಂದ್ರೆ ಎಷ್ಟು?"

ತರಗತಿ ನಕ್ಕಿತು. ಅವಳು ನಗಲಿಲ್ಲ. ಗಣಿತ ಬಿಟ್ಟು ಗೃಹಶಾಸ್ತ್ರ ತೆಗೆದುಕೊಳ್ಳುವೆನೆಂದು ನನಗೆ ಹೇಳಿದಳು. ಸೋಮವಾರ ಹೆಡ್ ಮಾಸ್ತರರಿಗೆ ತಿಳಿಸಬೇಕಿತ್ತು. ಬಿಟ್ಟರೆ ಮುಂದೆ ಕುಮಟೆಯ ಕಾಲೇಜಿನಲ್ಲಿ ವಿಜ್ಞಾನ ಓದುವ ದಾರಿ ಮುಚ್ಚುತ್ತಿತ್ತು. ಅದನ್ನೇ ಓದಬೇಕೆಂದು ಅವಳೇ ಹಿಂದೊಮ್ಮೆ ನನ್ನಲ್ಲಿ ಹೇಳಿದ್ದಳು.

ಮರದ ಘನವೊಂದನ್ನು, ಒಂದು ಕಡೆ ಅ ಇನ್ನೊಂದು ಕಡೆ ಬ ಉಳಿಯುವಂತೆ, ಮೂರು ದಿಕ್ಕಿನಲ್ಲೂ ಒಂದೊಂದು ಸಲ ಕೊಯ್ದರೆ ಎಂಟು ತುಂಡು: ಒಂದು ದೊಡ್ಡ ಘನ, ಒಂದು ಪುಟ್ಟ ಘನ, ಮೂರು ಚಪ್ಪಟೆ, ಮೂರು ಉದ್ದ. ಸೂತ್ರದಲ್ಲಿರುವುದೆಲ್ಲ ಅಷ್ಟೇ. ಅದನ್ನು ನಾನು ಬಿಡಿಸಿದ್ದೆನೇ ಹೊರತು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಕೈಗರಗಸದಿಂದ ಕೊಯ್ದು ನೋಡಿದ್ದೆ, ತುಂಡುಗಳ ಮೈಯೆಲ್ಲ ಓರೆಯಾಗಿತ್ತು. ಅದಕ್ಕೇ ಭಟ್ಕಳಕ್ಕೆ ಹೋದದ್ದು.

ಭಾನುವಾರ ಅಮ್ಮ ಹೊಲಿಗೆ ಮಿಶನ್ನು ತುಳಿದಳು, ನಾನು ಒಂದು ಕೋಲಿನಿಂದ ಶಿವಣೆ ಮರದ ಘನವನ್ನು ಅಲಗಿನತ್ತ ತಳ್ಳಿದೆ.

"ರವಕೆ ಹೊಲಿಯೂ ಕಾಲಿಗೆ ಮರ ಕೊಯ್ಯೂ ಕೆಲ್ಸ ಹಚ್ಚಿದ್ಯಲೇ!"

"ನಿಲ್ಲಿಸಬೇಡ ಅಮ್ಮಾ, ಓರೆಯಾಗ್ತದೆ."

ಮೊದಲು ಘನವನ್ನು ಎರಡು ಹೋಳು ಮಾಡಿದೆ. ದಪ್ಪ ಹೋಳನ್ನು ಮತ್ತೆ ಕೊಯ್ಯುವಾಗ ಪಕ್ಕದ ಪಟ್ಟಿಯನ್ನು ಅ ಅಳತೆಗೆ ಇಟ್ಟೆ. ತೆಳು ಹೋಳಿನ ಸರದಿ ಬಂದಾಗ ಪಟ್ಟಿಯನ್ನು ಸರಿಸಿ ಬ ಅಳತೆಗೆ ಇಟ್ಟೆ. ಈ ಕಡೆಯಿಂದ ಅಳೆದರೂ ಆ ಕಡೆಯಿಂದ ಅಳೆದರೂ ಗೆರೆ ಬೀಳುವುದು ಒಂದೇ ಜಾಗದಲ್ಲಿ. ಹಾಗೆಂದುಕೊಂಡೆ.

ಎಂಟು ತುಂಡುಗಳನ್ನು ಜೋಡಿಸಿದರೆ ಘನ ಮುಚ್ಚಲೇ ಇಲ್ಲ. ಒಂದು ಕಡೆ ಸಂದಿ, ಇನ್ನೊಂದು ಕಡೆ ಉಬ್ಬು.

"ನಿನ್ನ ಅಜ್ಜನ ಹಲ್ಲು ಇದ್ದಾಂಗೆ ಇದ್ದು," ಎಂದಳು ಅಮ್ಮ, ಪಾದದ ಮೇಲೆ ಬಿದ್ದ ಮರದ ಹುಡಿಯನ್ನು ಕೊಡವುತ್ತ.

ನಾನು ಆ ಹುಡಿಯನ್ನೇ ನೋಡಿದೆ. ಕಾಗದದ ಮೇಲಿನ ಗೆರೆಗೆ ಅಗಲವಿಲ್ಲ, ಅಲಗಿಗೆ ಇದೆ. ಅ ಅಳತೆ ಹಿಡಿದಾಗ ಅಲಗು ತನ್ನ ದಪ್ಪದಷ್ಟನ್ನು ಬ ಭಾಗದಿಂದ ತಿಂದಿತ್ತು, ಬ ಅಳತೆ ಹಿಡಿದಾಗ ಅ ಭಾಗದಿಂದ. ಮರೆತ ಸಂಗತಿ ಅಷ್ಟೇ, ಆದರೆ ನನಗೆ ಖುಷಿಯಾಯಿತು. ಹಾಗಾದರೆ ಪಟ್ಟಿಯನ್ನು ಸರಿಸದೇ ಇದ್ದರೆ?

ಇನ್ನೊಂದು ಮರದ ಘನ ತೆಗೆದುಕೊಂಡೆ. ಪಟ್ಟಿಯನ್ನು ಅ ಅಳತೆಗೆ ಒಮ್ಮೆ ಬಿಗಿದು, ಎಲ್ಲ ಹೋಳನ್ನೂ ಅದಕ್ಕೇ ಒತ್ತಿ ಕೊಯ್ದೆ. ಬ ಎಂದರೆ ಗರಗಸ ಉಳಿಸಿದಷ್ಟು. ಈ ಸಲ ಎಂಟೂ ತುಂಡು ಒಂದಕ್ಕೊಂದು ಕೂತವು. ಸಂದಿಯಲ್ಲಿ ಉಗುರೂ ಹೋಗಲಿಲ್ಲ. ಬ ಎಷ್ಟಾಯಿತೆಂದು ನೋಡಲು ಅಳತೆಪಟ್ಟಿ ಎತ್ತಿಕೊಂಡವಳು ಹಾಗೆಯೇ ಕೆಳಗಿಟ್ಟೆ.

"ಆತಾ?" ಎಂದಳು ಅಮ್ಮ.

"ಆತು."

ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಶಾಲೆಯ ಜಗಲಿಯಲ್ಲಿ ಆ ಹುಡುಗಿಯ ಮುಂದೆ ತುಂಡುಗಳನ್ನು ಸುರಿದೆ. ಅವಳು ಚಪ್ಪಟೆ ಮೂರನ್ನು ಒಂದು ಕಡೆ, ಉದ್ದ ಮೂರನ್ನು ಒಂದು ಕಡೆ ಇಟ್ಟಳು. ತಿರುಗಿಸಿ, ತೆಗೆದು, ಮತ್ತೆ ಇಟ್ಟು ಘನ ಮುಚ್ಚಿದಳು.

"ಇದ್ರಲ್ಲಿ ಬ ಎಷ್ಟು ಅಕ್ಕೋರೇ?"

"ನನಗೂ ಗೊತ್ತಿಲ್ಲ. ಅಳೆದಿಲ್ಲ."

ಅವಳು ನನ್ನ ಮುಖವನ್ನೂ ಘನವನ್ನೂ ನೋಡಿದಳು. "ಗೊತ್ತಿಲ್ದೇ ಹೋದ್ರೂ ಕೂಡ್ತಲ!" ಎಂದಳು. ಪುಟ್ಟ ಘನವನ್ನು ತೆಗೆದು ಮತ್ತೆ ಅದರ ಜಾಗಕ್ಕೆ ಕೂರಿಸಿ, "ಗಣಿತ ಬಿಡೂದಿಲ್ಲ ಅಂತ ಹೆಡ್ ಮಾಸ್ತರಿಗೆ ಈಗ್ಲೇ ಹೇಳ್ಬೇಕಾ, ಮಧ್ಯಾಹ್ನ ಆದ್ರೂ ಆತಾ?" ಎಂದು ಕೇಳಿದಳು.

ನಾನು ತುಂಡುಗಳನ್ನು ಅವಳ ಚೀಲಕ್ಕೇ ತುಂಬಿಸಿ, ಅವಳನ್ನು ಮುಂದೆ ಬಿಟ್ಟುಕೊಂಡು ಹೆಡ್ ಮಾಸ್ತರರ ಕೋಣೆಯತ್ತ ನಡೆದೆ.