ಎಡ ನಳಿಗೆಯ ಕಾಡತೂಸು

ಮಲ್ಲಣ್ಣಾ, ನಿನ್ನ ಹೆಂಡತಿ ಶಾಂತವ್ವನ ಕಾಲಿಗೆ ಹೊಕ್ಕ ಗುಂಡು ನಿನ್ನ ಬಂದೂಕಿನದಲ್ಲ. ನನ್ನದು.

ಇಷ್ಟನ್ನು ಬರೆಯಲಿಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು — ನೋಡು, ಎರಡು ಸಾಲು ಕೂಡ ತುಂಬಲಿಲ್ಲ. ಸಾಕಾಗಿ ಹೋಗಿದೆ, ದೋಸ್ತಾ. ಸುಳ್ಳು ಹೇಳಿದ್ದು ಒಂದೇ ಸಲ. ಆದರೆ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮ ಪಡಸಾಲೆಯಲ್ಲಿ ಕೂತು, ಶಾಂತವ್ವ ಕುಂಟುತ್ತ ತಂದು ಕೊಟ್ಟ ಚಹಾ ಕುಡಿದು ಕುಡಿದು ಸಾಕಾಗಿದೆ.

ನಾನು ಎಂಥವನಿದ್ದೆ ಎಂಬುದು ನಮ್ಮ ಸತ್ತಿ ಊರಿನಲ್ಲಿ ಎಲ್ಲರಿಗೂ ಗೊತ್ತು. ಫೌಜಿನಲ್ಲಿದ್ದು ಬಂದವನು, ಅಲ್ಲಿ ಹಾರಿಬರುವ ಮಣ್ಣಿನ ಬಿಲ್ಲೆ ಒಡೆಯುವ ಆಟದಲ್ಲಿ ಹೆಸರು ಮಾಡಿದವನು. ಬೆಳೆ ಕಾಯುವ ಬಂದೂಕಿಗೆ ಪರವಾನಗಿ ಇದ್ದವರು ಅಥಣಿ, ರಾಯಬಾಗ ಕಡೆಯಿಂದಲೂ ಕಾಡತೂಸು ಕೊಳ್ಳುವ ಮೊದಲು ನನ್ನನ್ನು ಕೇಳಲು ಬರುತ್ತಿದ್ದರು. ಆಗ ನನ್ನ ಠೀವಿ ಏನು ಕೇಳುತ್ತೀ! ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಹೇಳುತ್ತಿದ್ದೆ — ನಂಬರು ದೊಡ್ಡದಾದಷ್ಟೂ ಒಳಗಿನ ಸೀಸದ ಚರೆ ಸಣ್ಣದು. ಎಂಟನೇ ನಂಬರಿನದರಲ್ಲಿ ನವಣೆ ಕಾಳಿನಂಥ ಚರೆ. ಬಿಲ್ಲೆ ಒಡೆಯಲು, ಹೆದರಿಸಲು ಅಷ್ಟು ಸಾಕು. ಆರು, ನಾಲ್ಕು — ಹಿಂದಿನವರು ದೊಡ್ಡ ಹಕ್ಕಿ ಹೊಡೆಯಲು ತರುತ್ತಿದ್ದದ್ದು. ಇನ್ನು ಎಸ್‌ಜಿ ಅಂದರೆ ಬಟಾಣಿಯಂಥ ದಪ್ಪ ಗುಂಡು, ಹಂದಿಯನ್ನೇ ಕೆಡವುತ್ತದೆ, ತಪ್ಪಿದರೆ ಎಲ್ಲಿಯವರೆಗೆ ಹೋದೀತೋ ದೇವರೇ ಬಲ್ಲ. ಜನ ದುಡಿಯುವ ಹೊಲದಲ್ಲಿ ಅದನ್ನು ಮುಟ್ಟಬಾರದು. ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು.

ನಮ್ಮಲ್ಲಿ ಕಬ್ಬು ಕಡಿಯುವ ರೀತಿ ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಇದನ್ನು ಬೇರೆಯವರೂ ಓದಲಿ. ಸುತ್ತಲಿನಿಂದ ಕಡಿಯುತ್ತ ಬಂದರೆ ಹಂದಿಗಳು ಸರಿಯುತ್ತ ಸರಿಯುತ್ತ ನಡುವೆ ಉಳಿದ ಕಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಆ ಕೊನೆಯ ತುಂಡಿಗೆ ಕೊಯ್ತಾ ಕತ್ತಿ ಹಾಕುವ ಮೊದಲು ಕಡಿಯುವವರು ದೂರ ನಿಲ್ಲಬೇಕು, ಬಂದೂಕಿನವರು ಎರಡು ಮೂಲೆಗೆ ನಿಂತು ಆಕಾಶಕ್ಕೆ ಹಾರಿಸಬೇಕು, ಹಂದಿ ಹೊಳೆಯ ಕಡೆ ಓಡಿಹೋಗಬೇಕು. ಎರಡೂ ನಳಿಗೆಯಲ್ಲಿ ಎಂಟನೇ ನಂಬರು, ಬೇರೆ ಮಾತಿಲ್ಲ. ಈ ಕಟ್ಟಳೆ ಮಾಡಿದವನೂ ನಾನೇ.

ಮತ್ತೆ ಯಾಕೆ ಮುರಿದೆ? ಹೇಳಲು ನಾಚಿಕೆಯಾಗುತ್ತದೆ — ಕಾರಣ ಅಷ್ಟು ಸಣ್ಣದು. ಹಿಂದಿನ ದಿನ ಚಹಾದಂಗಡಿಯಲ್ಲಿ ಯಾರೋ ಕಿಚಾಯಿಸಿದರು: "ಈರಣ್ಣಾ, ಮಣ್ಣಿನ ಬಿಲ್ಲಿ ಒಡಿಯೂದರಾಗ ಭಾಳ ಶಾಣ್ಯಾ ಅದಿ ಬಿಡೊ. ಜೀವ ಇದ್ದ ಹಂದಿ ಒಂದ ಕೆಡವಿ ತೋರಸು ನೋಡೂನು!" ಎಲ್ಲರೂ ನಕ್ಕರು. ನೀನೂ ನಕ್ಕೆ. ನೀನು ನಕ್ಕದ್ದು ನನಗೆ ಚುಚ್ಚಿತು. ಹಂದಿ ಹೊಡೆದರೆ ಅಪರಾಧ ಎಂದು ಗೊತ್ತಿದ್ದೂ, ಮರುದಿನ ಬಲ ನಳಿಗೆಗೆ ಎಂಟನೇ ನಂಬರು ಹಾಕಿದೆ, ಎಡ ನಳಿಗೆಗೆ ಎಸ್‌ಜಿ. ಯಾರಿಗೂ ಹೇಳಲಿಲ್ಲ.

ಹೊಲ ನಿನ್ನದು. ಬಿಸಿಲು ಏರಿತ್ತು. ನೀನು ಆಚೆ ಮೂಲೆ, ನಾನು ಈಚೆ ಮೂಲೆ, ನಡುವೆ ಆಳೆತ್ತರದ ಕಬ್ಬು — ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. "ಹಾರಸ್ತೀವ್ರಿ, ದೂರ ನಿಂದರ್ರಿ!" ಎಂದು ನೀನು ಕೂಗಿದ್ದು ಕೇಳಿಸಿತು. ಹೊಳೆಯ ದಂಡೆಯ ಪಂಪಿನ ಸಪ್ಪಳದಲ್ಲಿ ಶಾಂತವ್ವನಿಗೆ ಮಾತ್ರ ಅದು ಕೇಳಿಸಿರಲಿಲ್ಲ. ಕಡಿಯುವವರಿಗೆ ಬುತ್ತಿ ಹೊತ್ತುಕೊಂಡು ಅವಳು ಬದುವಿನ ಮೇಲೆ ಬರುತ್ತಿದ್ದಳು.

ಹಂದಿ ನನ್ನ ಕಡೆಗೇ ನುಗ್ಗಿತು. ನಾನು ನಳಿಗೆ ಇಳಿಸಿದೆ — ಎಡಗಡೆಯದನ್ನೇ ಒತ್ತಿದೆ. ಅದೇ ಗಳಿಗೆಗೆ ಆಚೆಯಿಂದ ನಿನ್ನದೂ ಹಾರಿತು. ಹಂದಿ ತಪ್ಪಿಸಿಕೊಂಡು ಓಡಿತು. ಅದರಾಚೆ, ಬದುವಿನ ಮೇಲೆ, ರೊಟ್ಟಿಯ ಬುಟ್ಟಿ ಉರುಳಿತು. "ಯವ್ವಾ" ಎಂದಳು ಶಾಂತವ್ವ. ಕೂಗಲಿಲ್ಲ, ಹಾಗೆಯೇ ಅಂದಳು.

ನೀನು ಓಡಿ ಬಂದು ಅವಳನ್ನು ಎತ್ತಿಕೊಂಡು ಟ್ರ್ಯಾಕ್ಟರಿಗೆ ಹಾಕಿದೆ. ಆ ಹೊತ್ತಿನಲ್ಲಿ ನಾನೇನು ಮಾಡಿದೆ ಗೊತ್ತೇ? ಎಡ ನಳಿಗೆಯ ಖಾಲಿ ಕಾಡತೂಸು ತೆಗೆದು ಕಿಸೆಗೆ ಹಾಕಿಕೊಂಡೆ. ಎಂದೋ ಹಾರಿಸಿದ್ದ ಎಂಟನೇ ನಂಬರಿನ ಖಾಲಿಯೊಂದನ್ನು ಆ ನಳಿಗೆಯಲ್ಲಿ ಇಟ್ಟೆ. ಅವಳ ಕಡೆ ನೋಡುವ ಮೊದಲು ಇದನ್ನು ಮಾಡಿದೆ. ಸಂಜೆ ಕಿಸೆಯಲ್ಲಿದ್ದ ಎಸ್‌ಜಿ ಖಾಲಿಯನ್ನು ಕೃಷ್ಣಾ ಹೊಳೆಗೆ ಎಸೆದು ಬಂದೆ.

ಆಸ್ಪತ್ರೆಯಲ್ಲಿ ಪೊಲೀಸ್ ಫೌಜದಾರರು, ಅವಳ ಕಾಲಿನಿಂದ ತೆಗೆದು ಅರಳೆಯಲ್ಲಿ ಸುತ್ತಿದ್ದ ಗುಂಡನ್ನು ಬಿಚ್ಚಿ ನನಗೆ ತೋರಿಸಿದರು. "ನೀವು ತಿಳದಾವ್ರು. ಇದು ಯಾರ ಕಾಡತೂಸಿಂದು ಹೇಳ್ರಿ?"

ನಿನ್ನ ಚೀಲದಲ್ಲಿ ನಿಮ್ಮಪ್ಪನ ಕಾಲದ ಹಳೆಯ ಕಾಡತೂಸುಗಳಿದ್ದವು, ನಂಬರು ಅಳಿಸಿಹೋದಂಥವು. ಹೊಸದರ ಜೊತೆ ಕಲಸಿ ಇಡಬೇಡ, ಹೊಳೆಗೆ ಒಗೆ ಎಂದು ನಾನೇ ನಿನ್ನನ್ನು ಬೈಯುತ್ತಿದ್ದೆ. ಅದು ಆಗ ನನ್ನ ಉಪಯೋಗಕ್ಕೆ ಬಂತು.

"ಮಲ್ಲಣ್ಣನ ಚೀಲದಾಗ ಹಳೀವು ಅದಾವ್ರಿ," ಎಂದೆ. "ಅದರಾಗಿಂದ ಒಂದ ಇರಬೇಕ್ರಿ."

ನೀನು ನನ್ನ ಮುಖ ನೋಡಿದೆ. ಈಗ ಕೂಗುತ್ತಾನೆ, ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಬೇಕಾಗಿತ್ತು ನೀನು! ನೀನು ತಲೆ ಕೆಳಗೆ ಹಾಕಿ, "ಹೌದಿರಬೇಕ್ರಿ ಸಾಹೇಬ್ರ. ಗಡಬಿಡ್ಯಾಗ ನಾ ನೋಡಲಿಲ್ಲ. ನಳಿಗಿ ಕೆಳಗ ಬಂದಿತ್ತೋ ಏನೋ..." ಎಂದೆ. ಆಕಾಶಕ್ಕೆ ಹಾರಿಸಿದ ನಿನ್ನ ಕೈಗಿಂತ ನನ್ನ ಬಾಯನ್ನು ನೀನು ಹೆಚ್ಚು ನಂಬಿದೆ.

ನಿನ್ನ ಪರವಾನಗಿ ಹೋಯಿತು, ಬಂದೂಕು ಹೋಯಿತು. ಅದು ಹೋಗಲಿ ಬಿಡು. ಅಂದಿನಿಂದ ನೀನು ಶಾಂತವ್ವನ ಮುಂದೆ ನಡೆದಿಲ್ಲ. ನಮ್ಮ ಗಂಡಸರು ಸಂತೆಗೆ ಹೊರಟರೆ ದಡದಡ ಮುಂದೆ ಹೋಗುವವರು. ನೀನು ಅವಳ ಕುಂಟು ಹೆಜ್ಜೆಯ ಹಿಂದೆ ಹೆಜ್ಜೆ ಇಡುತ್ತ, ಅವಳು ನಿಂತರೆ ನಿಲ್ಲುತ್ತ ಹೋಗುತ್ತೀ. ಜನ ಆಡಿಕೊಂಡರು. ಅವರ ಜೊತೆ ನಾನೂ ಒಮ್ಮೆ ನಕ್ಕಿದ್ದೇನೆ — ಇದನ್ನೂ ಬರೆದುಬಿಡುತ್ತೇನೆ.

ಮೊನ್ನೆ ನೀನು ಮನೆಯಲ್ಲಿ ಇರಲಿಲ್ಲ. ಶಾಂತವ್ವ ಚಹಾ ಇಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಅಣ್ಣಾರ, ನೀವರೆ ಅವರಿಗೆ ಒಂದ ಮಾತ ಹೇಳ್ರಿ. ಕಾಲಿಂದು ನನಗ ರೂಢಿ ಆಗೇತ್ರಿ. ಆದರ ಅವರು ನನ್ನ ಕೂಡ ಜಗಳಾ ಆಡೂದ ಬಿಟ್ಟಾರ. ಸಾರಿಗೆ ಉಪ್ಪ ಹೆಚ್ಚಾದರೂ ಸುಮ್ಮನ ಉಣ್ತಾರ. ಗಂಡನ ಕೂಡ ಬಾಳುವೆ ಮಾಡಿಧಂಗ ಅನಸೂದಿಲ್ರಿ ನನಗ... ತಪ್ಪ ಮಾಡಿದ ಆಳು ಮನ್ಯಾಗ ಇದ್ಧಂಗ ಅನಸತೈತಿ."

"ಹೇಳ್ತೀನಿ ತಂಗೆವ್ವಾ," ಎಂದೆ. ಆ ಚಹಾ ನನ್ನಿಂದ ಕುಡಿಯಲಾಗಲಿಲ್ಲ. ಕಾಲೊಂದನ್ನು ಮುರಿದಿದ್ದೇನೆ ಎಂದು ಇಷ್ಟು ದಿನ ತಿಳಿದಿದ್ದೆ. ಅವಳ ಗಂಡನನ್ನೂ ಕಸಿದುಕೊಂಡಿದ್ದೆ.

ಈ ಪುಸ್ತಕದ ಮಾತು ಸಾಕು ಮಲ್ಲಣ್ಣಾ, ನಮ್ಮ ಮಾತಿನಾಗ ಹೇಳ್ತೀನಿ. ನಾಳೆ ಮುಂಜಾನೆ ಬರ್ತೀನಿ. ನೀವಿಬ್ಬರೂ ಇದ್ದಾಗ ಇದನ್ನೆಲ್ಲಾ ಬಾಯಿಲೆ ಹೇಳ್ತೀನಿ, ಅಲ್ಲಿಂದ ಬಂದೂಕ ತಗೊಂಡ ಠಾಣೆಕ್ಕ ಹೋಗಿ ಅಲ್ಲೂ ಹೇಳ್ತೀನಿ. ನನ್ನ ಕಡೆ ಪುರಾವೆ ಏನೂ ಇಲ್ಲ. ಅವತ್ತ ನೀ ನಂಬಿದ್ದ ಬಾಯಿ ಒಂದ ಐತಿ. ನೀ ಹೊಡಿತಿದ್ರ ಹೊಡಿ, ಅಂಗಳ ತುಳೀಬ್ಯಾಡ ಅಂದ್ರ ತುಳ್ಯಂಗಿಲ್ಲ. ಮಾಫ್ ಮಾಡು ಅಂತ ಕೇಳಂಗಿಲ್ಲ, ಆ ಮಾತ ಆಡೂ ಬಾಯಿ ಅಲ್ಲ ನಂದು.

ನಾ ಹ್ವಾದ ಮ್ಯಾಲೆ ಮಾತ್ರ, ಸಾರಿಗೆ ಉಪ್ಪ ಹೆಚ್ಚ ಆಗೇತಿ ಅಂತ ಅಕೀ ಕೂಡ ಜೋರಲೆ ಜಗಳಾ ಆಡು. ಸಂತಿಗೆ ಹೋಗೂಮುಂದ ಅಕೀ ಮಗ್ಗಲಕ ನಡಿ.